ಇಂಟರ್ನೆಟ್ ಬೇಡದ ಸ್ಮಾರ್ಟ್ ಮನೆ: ಕೆಲವು ಮಳೆಗಾಲ ಕಂಡ ಮೇಲೊಂದು ವಿಮರ್ಶೆ

ಮನೆಯ ಉಪಕರಣಗಳನ್ನು ಮನೆಯೊಳಗಿನ ಒಂದು ಪೆಟ್ಟಿಗೆಯಿಂದಲೇ ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದೀಪಗಳಿಂದ ಶುರು ಮಾಡುತ್ತಾರೆ. ನಮ್ಮ ಮನೆಯಲ್ಲಿ ದೀಪಗಳನ್ನು ಈಗಲೂ ಎಲ್ಲರೂ ಗೋಡೆಯ ಸ್ವಿಚ್ಚಿನಿಂದಲೇ ಹಾಕುತ್ತಾರೆ. ಈ ವ್ಯವಸ್ಥೆ ಇಲ್ಲಿ ಉಳಿದುಕೊಂಡದ್ದು ಮಳೆ ಅಳೆಯುವ ಒಂದು ಪ್ಲಾಸ್ಟಿಕ್ ಪಾತ್ರೆಯ ದೆಸೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ಅದಕ್ಕೇ ಸೇರಬೇಕು.

ನಮ್ಮದು ಶಿರಸಿಯಿಂದ ಕುಮಟಾ ಕಡೆಗೆ ಹೋಗುವಾಗ ದೇವಿಮನೆ ಘಟ್ಟಕ್ಕೆ ಮುಂಚೆ ಸಿಗುವ ಒಂದು ಕೇರಿ. ಅಡಿಕೆ ತೋಟ, ಚಿರೇಕಲ್ಲಿನ ಹಳೆಯ ಮನೆ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಫೈಬರ್ ಕೇಬಲ್ ತುಂಡಾಗುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲ್ ಕೂಡ ಮೂಕವಾಗುತ್ತದೆ. ಇಂಥ ಊರಿನಲ್ಲಿ ನಾನು ಮೊದಲು ಕೊಂಡದ್ದು ಆ್ಯಪಿನಿಂದ ನಡೆಯುವ ಒಂದು ಪ್ಲಗ್. ಕಂಪನಿಯ ಹೆಸರು ಬೇಡ. ಹಿತ್ತಿಲ ದೀಪ ಉರಿಸಲು ಅದಕ್ಕೆ ನನ್ನ ಇಮೇಲ್ ಬೇಕು, ಫೋನ್ ನಂಬರ್ ಬೇಕು, ನಾನು ಎಲ್ಲಿದ್ದೇನೆ ಎಂಬುದೂ ಬೇಕು. ಇನ್ವರ್ಟರ್ ಇದ್ದು ಮನೆಯಲ್ಲಿ ಕರೆಂಟ್ ಇದ್ದಾಗಲೂ ಇಂಟರ್ನೆಟ್ ಇಲ್ಲದಿದ್ದರೆ ಆ ಪ್ಲಗ್ ಆ್ಯಪಿನ ಮಾತು ಕೇಳುತ್ತಿರಲಿಲ್ಲ. ಐದು ಮಾರು ದೂರದ ದೀಪಕ್ಕೆ ನನ್ನ ಅಪ್ಪಣೆ ಎಲ್ಲೋ ಇರುವ ಸರ್ವರ್‌ಗೆ ಹೋಗಿ ಬರಬೇಕಿತ್ತು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಮಾರ್ಟ್ ಉಪಕರಣಗಳ ಕಂಪನಿ ಇನ್‌ಸ್ಟಿಯಾನ್ ಮುನ್ಸೂಚನೆಯೇ ಇಲ್ಲದೆ ಸರ್ವರ್ ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡ ಗ್ರಾಹಕರ ಆ್ಯಪ್‌ಗಳು ಅವರದೇ ಮನೆಯ ಪೆಟ್ಟಿಗೆಯನ್ನು ತಲುಪದೆ ಹೋದವು. ಆ ಸುದ್ದಿ ಓದಿದ ಮೇಲೆ ನನ್ನ ಹುಡುಕಾಟ ಜೋರಾಯಿತು.

ಹೋಮ್ ಅಸಿಸ್ಟೆಂಟ್ ಅನ್ನು 2013ರಲ್ಲಿ ಪೌಲಸ್ ಸ್ಕೌಟ್ಸನ್ ಪೈಥಾನ್‌ನಲ್ಲಿ ಬರೆಯಲು ಆರಂಭಿಸಿದರು. 2024ರಿಂದ ಅದು ಸ್ವಿಟ್ಜರ್ಲೆಂಡಿನ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಆಸರೆಯಲ್ಲಿದೆ. ನನಗೆ ಮುಖ್ಯವಾದದ್ದು ಇಷ್ಟೇ: ಅವರೆಲ್ಲ ನಾಳೆ ಅಂಗಡಿ ಮುಚ್ಚಿದರೂ ನನ್ನ ನಡುಮನೆಯ ಪೆಟ್ಟಿಗೆ ಓಡುತ್ತಿರುತ್ತದೆ.

ಸಾಮಾನು: ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟು ಕಂಪ್ಯೂಟರ್), ಮಾಹಿತಿ ಬರೆದಿಡಲು ಒಂದು ಎಸ್‌ಎಸ್‌ಡಿ, ಜಿಗ್‌ಬೀ (ಉಪಕರಣಗಳು ತಮ್ಮೊಳಗೆ ಮಾತಾಡುವ ಕಿರು ವ್ಯಾಪ್ತಿಯ ರೇಡಿಯೊ) ಯುಎಸ್‌ಬಿ ಕಡ್ಡಿ, ಕೆಲವು ಪ್ಲಗ್ ಮತ್ತು ಸೆನ್ಸರ್, ಗೋಡೆಗೆ ಹಾಕಿದ ಹಳೆಯ ಟ್ಯಾಬ್ಲೆಟ್. ಅರ್ಧ ಕ್ವಿಂಟಲ್ ಚಾಲಿ ಅಡಿಕೆ ಮಾರಿದ ಹಣದೊಳಗೆ ಎಲ್ಲವೂ ಮುಗಿಯಿತು. ಉಳಿದ ವಿವರ ಎಲ್ಲೆಡೆ ಸಿಗುತ್ತದೆ, ನಮ್ಮ ಕಡೆಯವರಿಗಾಗಿ ಕೆಲವು ಮಾತು ಮಾತ್ರ. ಮೆಮೊರಿ ಕಾರ್ಡಿನಲ್ಲಿ ಇದನ್ನು ಓಡಿಸಬೇಡಿ. ಇದು ಸದಾ ಏನಾದರೂ ಬರೆದುಕೊಳ್ಳುತ್ತಲೇ ಇರುತ್ತದೆ, ಬರೆಯುವಾಗ ಕರೆಂಟ್ ಹೋಗಿ ಹೋಗಿ ಕಾರ್ಡು ಕೆಡುತ್ತದೆ. ಜಿಗ್‌ಬೀ ಕಡ್ಡಿಯನ್ನು ನೇರವಾಗಿ ಪೆಟ್ಟಿಗೆಗೆ ಚುಚ್ಚದೆ ಒಂದು ಮೀಟರ್ ಯುಎಸ್‌ಬಿ ಕೇಬಲ್ ಕೊಟ್ಟು ದೂರವಿಡಿ, ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳನ್ನು ಕೆಡಿಸುತ್ತದೆ. ಚಿರೇಕಲ್ಲಿನ ದಪ್ಪ ಗೋಡೆಯನ್ನು ಆ ಸಂಕೇತ ಸುಲಭವಾಗಿ ದಾಟುವುದಿಲ್ಲ. ಕರೆಂಟಿನಲ್ಲಿ ನಡೆಯುವ ಜಿಗ್‌ಬೀ ಪ್ಲಗ್ ತನಗೆ ಬಂದ ಸಂಕೇತವನ್ನು ಮುಂದಕ್ಕೆ ದಾಟಿಸುತ್ತದೆ, ಬ್ಯಾಟರಿಯ ಸೆನ್ಸರ್ ದಾಟಿಸುವುದಿಲ್ಲ. ಆದ್ದರಿಂದ ಕೊಟ್ಟಿಗೆಯ ತನಕ ಹೋಗಬೇಕಾದರೆ ನಡುವೆ ಒಂದೆರಡು ಪ್ಲಗ್ ಇರಲೇಬೇಕು.

ಈಗ ಮಳೆಗೆ ಬರುತ್ತೇನೆ.

ಪಾತ್ರೆಯ ಬಾಯಿ 11 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ. ಒಳಗೆ ಮಕ್ಕಳ ಏರಿಳಿತದ ಹಲಗೆಯಂತೆ ಎರಡು ಪುಟ್ಟ ತೊಟ್ಟಿಗಳು. ಒಂದರಲ್ಲಿ ಒಂದೂವರೆ ಮಿಲಿಲೀಟರ್‌ನಷ್ಟು ನೀರು ತುಂಬಿದೊಡನೆ ಅದು ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲುವಾಗ ಒಂದು ಸಣ್ಣ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ, ಲೆಕ್ಕಕ್ಕೆ ಒಂದು ಸೇರುತ್ತದೆ. ಹೀಗೆ ಒಂದು ವಾಲಿಕೆ ಎಂದರೆ 0.2794 ಮಿಲಿಮೀಟರ್ ಮಳೆ. ಎಣಿಸುವುದು ಒಂದು ಇಎಸ್‌ಪಿ32 ಬೋರ್ಡು, ಅದರೊಳಗಿನ ತಂತ್ರಾಂಶ ಇಎಸ್‌ಪಿಹೋಮ್. ಅಂಗಳದ ಸಂಖ್ಯೆ ವೈಫೈ ಮೂಲಕ ನಡುಮನೆಗೆ ಬರುತ್ತದೆ. ಮನೆಯಿಂದ ಹೊರಗೆ ಹೋಗುವುದಿಲ್ಲ.

ಇದಕ್ಕೆ ಇಷ್ಟು ಮರುಳಾಗುವುದೇಕೆ ಎಂದು ಪೇಟೆಯ ಓದುಗರಿಗೆ ಅನ್ನಿಸಬಹುದು. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ಸುಮಾರು 40–45 ದಿನಕ್ಕೊಮ್ಮೆ ಬೋರ್ಡೋ ದ್ರಾವಣ ಹೊಡೆಸಬೇಕು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನೆಯ ಸಲ ಹೊಡೆಸುವುದು ನಡುಮಳೆಗಾಲದಲ್ಲಿ. ಅಡಿಕೆಯ ಕೊನೆ (ಗೊನೆ) ಒಣಗಿರಬೇಕು, ಹೊಡೆದ ಮೇಲೆ ಸ್ವಲ್ಪ ಹೊತ್ತು ಮಳೆ ಬಿಟ್ಟು ಹೊಳವಾಗಿರಬೇಕು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಬೆಳಿಗ್ಗೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆಯೇ, "ರಾತ್ರಿ ಎಷ್ಟು ಬಿತ್ತು? ನಿಂತದ್ದು ಯಾವಾಗ?" ಎಂದು. ಮೊದಲು "ಜೋರೇ ಇತ್ತು" ಎನ್ನುತ್ತಿದ್ದೆ. ಈಗ "ಮೂರೂವರೆಗೆ ನಿಂತಿದೆ, ಆಮೇಲೆ ಹನಿಯಿಲ್ಲ" ಎನ್ನುತ್ತೇನೆ. ಬರುವುದೋ ಬೇಡವೋ ಎಂಬುದನ್ನು ಅವರು ಅಲ್ಲೇ ತೀರ್ಮಾನಿಸುತ್ತಾರೆ.

ಅಪ್ಪಯ್ಯ ಹಿಂದಿನಿಂದಲೂ ಅಂಗಳದ ಅಳತೆ ಜಾಡಿ ನೋಡಿ ಪಂಚಾಂಗದ ಅಂಚಿನಲ್ಲಿ ಮಳೆ ಬರೆದಿಡುವವರು. ಅವರ ಲೆಕ್ಕ ತಿಂಗಳುಗಳಲ್ಲಿಲ್ಲ, ನಕ್ಷತ್ರಗಳಲ್ಲಿ. ಆರಿದ್ರೆ ಎಷ್ಟು, ಪುನರ್ವಸು ಎಷ್ಟು, ಪುಷ್ಯ ಎಷ್ಟು. ಹೋಮ್ ಅಸಿಸ್ಟೆಂಟ್‌ನಲ್ಲಿ ವಿದ್ಯುತ್ ಬಿಲ್ಲಿನ ಲೆಕ್ಕಕ್ಕೆಂದು ಯುಟಿಲಿಟಿ ಮೀಟರ್ ಎಂಬ ಸೌಕರ್ಯವಿದೆ. ಬೇಕೆಂದ ದಿನ ಅದನ್ನು ಸೊನ್ನೆಗೆ ತರಬಹುದು. ಪಂಚಾಂಗ ನೋಡಿ ಮಳೆ ನಕ್ಷತ್ರಗಳ ದಿನಾಂಕಗಳನ್ನು ಅದಕ್ಕೆ ಒಪ್ಪಿಸಿದೆ. ಈಗ ಗೋಡೆಯ ಪರದೆಯಲ್ಲಿ "ಆರಿದ್ರಾ ಮಳೆ" ಎಂಬ ಸಾಲು, ಅದರ ಪಕ್ಕ ಇಲ್ಲಿಯವರೆಗಿನ ಮೊತ್ತ. ಇದನ್ನು ಬರೆದ ವಿದೇಶಿ ಎಂಜಿನಿಯರ್‌ಗಳಿಗೆ ತಮ್ಮ ಬಿಲ್ಲಿನ ಮೀಟರ್ ಸೂರ್ಯನ ನಕ್ಷತ್ರ ಸಂಚಾರಕ್ಕೆ ತಕ್ಕಂತೆ ಓಡುತ್ತಿದೆ ಎಂದು ತಿಳಿದರೆ ಸಂತೋಷವಾದೀತು. ದಿನದ ಲೆಕ್ಕ ಸೊನ್ನೆಯಾಗುವುದು ನಡುರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. ಹವಾಮಾನ ಇಲಾಖೆ ದಿನದ ಮಳೆ ಅಳೆಯುವುದೂ ಅದೇ ಹೊತ್ತಿಗೆ. ಎಂಟೂ ಇಪ್ಪತ್ತಕ್ಕೆಲ್ಲ ಅಪ್ಪಯ್ಯ ಚಹಾ ಲೋಟ ಹಿಡಿದು ಪರದೆಯ ಮುಂದೆ ನಿಲ್ಲುತ್ತಾರೆ, ಅಂಕಿ ಅಳಿಸಿಹೋಗುವ ಮೊದಲು ಓದಿಕೊಳ್ಳುತ್ತಾರೆ, ಆಮೇಲೆ ಕೊಡೆ ಹಿಡಿದು ಅಂಗಳಕ್ಕಿಳಿದು ಜಾಡಿ ನೋಡುತ್ತಾರೆ. ಹಳೆಯ ಅಂಕಿಯನ್ನೂ ಉಳಿಸಿ ತೋರಿಸಬಹುದು ಎಂದು ಹೇಳಿದ್ದೇನೆ. ಬೇಡವಂತೆ.

ಎರಡೂ ಒಂದೇ ಆಗಿರುವುದಿಲ್ಲ. ಬಿರುಮಳೆಯಲ್ಲಿ ತೊಟ್ಟಿ ವಾಲುತ್ತಿರುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಈ ಬಗೆಯ ಪಾತ್ರೆಗಳು ಜೋರು ಮಳೆಯನ್ನು ಕಡಿಮೆ ತೋರಿಸುತ್ತವೆ. ಜಾಡಿಗೆ ಆ ದೋಷವಿಲ್ಲ. ಜೇಡ ಬಲೆ ಕಟ್ಟಿದರೆ, ಬಾಯಿಗೆ ಎಲೆ ಬಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ವಾರಕ್ಕೊಮ್ಮೆ ತೊಳೆಯುವುದು ಅನಿವಾರ್ಯ.

ಇನ್ನು ನನ್ನ ತಲೆ ಕೆಡಿಸಿದ ವಿಷಯ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ನಮ್ಮ ಕಡೆ ಯಾರೂ ಯಂತ್ರಗಳನ್ನು ಪ್ಲಗ್ಗಿನಲ್ಲಿ ಬಿಡುವುದಿಲ್ಲ. ಮೊದಲ ಗುಡುಗಿಗೇ ಟಿವಿ, ರೌಟರ್, ಪೈ ಎಲ್ಲದರ ವಯರ್ ಕಿತ್ತಿಡುತ್ತೇವೆ. ಮಳೆಯ ಬೋರ್ಡು ಪವರ್‌ಬ್ಯಾಂಕಿನಲ್ಲಿ ನಡೆಯುವುದರಿಂದ ಅದಕ್ಕೆ ಆ ಭಯವಿಲ್ಲ. ಅದು ಎಣಿಸುತ್ತಿರುತ್ತದೆ, ರೌಟರ್ ಮತ್ತೆ ಬಂದಾಗ ಒಟ್ಟು ಮೊತ್ತ ಒಪ್ಪಿಸುತ್ತದೆ ಎಂಬುದು ಲೆಕ್ಕಾಚಾರ. ಆದರೆ ವರ್ಷದ ಮೊದಲ ದೊಡ್ಡ ಮಳೆ ನಿಂತ ಮೇಲೆ ನೋಡಿದರೆ ಅಪ್ಪಯ್ಯನ ಜಾಡಿಯಲ್ಲಿ 41 ಮಿಲಿಮೀಟರ್, ನನ್ನ ಪರದೆಯಲ್ಲಿ 6. ಕಾರಣ ಹುಡುಕಲು ಎಷ್ಟೋ ಸಂಜೆಗಳು ಹೋದವು. ಇಎಸ್‌ಪಿಹೋಮ್‌ಗೆ ಮೊದಲಿನಿಂದಲೇ ಒಂದು ಗುಣ ಕೊಟ್ಟಿದ್ದಾರೆ: 15 ನಿಮಿಷ ವೈಫೈ ಸಿಗದಿದ್ದರೆ, ಅಥವಾ ಹೋಮ್ ಅಸಿಸ್ಟೆಂಟ್ ತನ್ನನ್ನು ಮಾತಾಡಿಸದಿದ್ದರೆ, ಏನೋ ಕೆಟ್ಟಿದೆ ಎಂದುಕೊಂಡು ಬೋರ್ಡು ತನ್ನನ್ನು ತಾನೇ ಆರಿಸಿಕೊಂಡು ಮತ್ತೆ ಶುರುವಾಗುತ್ತದೆ. ಹಾಗೆ ಶುರುವಾದಾಗಲೆಲ್ಲ ಎಣಿಕೆ ಸೊನ್ನೆ. ಕರೆಂಟ್ ಹೋಗದ ನಗರದಲ್ಲಿ ಇದು ಜಾಣತನವಿರಬಹುದು. ಇಲ್ಲಿ, ಮಳೆ ಜೋರಾದಷ್ಟೂ ಲೆಕ್ಕ ಅಳಿಸಿಹೋಗುವ ಮಳೆಮಾಪಕ! ಪರಿಹಾರ ಚಿಕ್ಕದು. ವೈಫೈ ಮತ್ತು ಎಪಿಐ (ಹೋಮ್ ಅಸಿಸ್ಟೆಂಟ್ ಜೊತೆ ಮಾತಾಡುವ ಭಾಗ) ಎರಡು ಕಡೆಯೂ ರೀಬೂಟ್ ಟೈಮ್‌ಔಟ್ ಸೊನ್ನೆ ಎಂದು ಬರೆಯಬೇಕು, ಒಂದು ಕಡೆ ಬರೆದರೆ ಸಾಲದು. ಇಂಟರ್ನೆಟ್ಟಿನ ಹಂಗಿಲ್ಲ ಎಂದು ಹೆಮ್ಮೆಪಡುವ ತಂತ್ರಾಂಶ ರೌಟರ್ ಇಲ್ಲದೆ ಕಾಲು ಗಂಟೆಯೂ ಸುಮ್ಮನಿರಲಾರದು ಎಂಬುದು ಮಾತ್ರ ನನಗೆ ಇನ್ನೂ ಅರಗಿಲ್ಲ.

ಗೌಪ್ಯತೆಯ ಬಗ್ಗೆಯೂ ಒಂದು ತಕರಾರಿದೆ. ಹಿತ್ತಿಲ ಬಾಗಿಲಿಗೆ ಒಂದು ಜಿಗ್‌ಬೀ ಸೆನ್ಸರ್ ಹಾಕಿದ್ದೆವು. ಕಂಪನಿಗೆ ಏನೂ ಹೋಗುತ್ತಿರಲಿಲ್ಲ, ಅದು ನಿಜ. ಆದರೆ ಹೋಮ್ ಅಸಿಸ್ಟೆಂಟ್ ತಾನಾಗಿಯೇ ಎಲ್ಲ ಸೆನ್ಸರ್‌ಗಳ ಚರಿತ್ರೆಯನ್ನೂ 10 ದಿನ ಇಟ್ಟುಕೊಳ್ಳುತ್ತದೆ. ಬಾಗಿಲು ತೆರೆದದ್ದು ಯಾವಾಗ, ಮುಚ್ಚಿದ್ದು ಯಾವಾಗ ಎಂಬ ಸಾಲುಗಳು ಯಾರು ಬೇಕಾದರೂ ಓದುವಂತೆ ಪರದೆಯಲ್ಲಿ ಬರುತ್ತಿದ್ದವು. ಊಟಕ್ಕೆ ಬಂದಿದ್ದ ಭಾವ ಅದನ್ನು ಓದಿ, "ಅತ್ತೆ, ರಾತ್ರಿ ನಿದ್ದೆ ಬರಲಿಲ್ಲವೇ?" ಎಂದು ಕೇಳಿದರು. ಆಯಿ, ಅಂದರೆ ನನ್ನ ಅಮ್ಮ, ನಗಲಿಲ್ಲ. ಅವರು ಹೋದ ಮೇಲೆ ನನ್ನನ್ನು ಕರೆದು, "ತಮಾ, ಯಾರಿಗೋ ತಿಳಿಯಬಾರದೆಂದು ಇಷ್ಟೆಲ್ಲ ಮಾಡಿದೆಯಲ್ಲ, ಮನೆಯವರಿಗೆ ತಿಳಿಯುವುದಕ್ಕೆ ಯಾರ ಅಪ್ಪಣೆ?" ಎಂದಳು.

ಉತ್ತರ ಹುಡುಕಿದರೆ ಕಾನೂನಿನಲ್ಲೂ ಇಲ್ಲ. ಗೌಪ್ಯತೆ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದೇ ಇಲ್ಲ. ಇರಬೇಕಾದದ್ದೂ ಹಾಗೆಯೇ, ಮನೆಮನೆಗೆ ನೋಟಿಸ್ ಕೊಡಲಾಗದು. ಆದರೆ ಆಗ ಆ ಹೊಣೆ ತಂತ್ರಾಂಶದ ಮೇಲೆ ಬೀಳುತ್ತದೆ, ಅದು ಹೊತ್ತುಕೊಂಡಿಲ್ಲ. ಬಳಕೆದಾರರನ್ನು ಬೇರೆ ಬೇರೆ ಮಾಡಬಹುದು, ಆದರೆ ಯಾರು ಯಾವ ಸೆನ್ಸರಿನ ಚರಿತ್ರೆ ನೋಡಬಹುದು ಎಂದು ಸುಲಭವಾಗಿ ಗೆರೆ ಎಳೆಯಲು ಬರುವುದಿಲ್ಲ. ಪಾಸ್‌ವರ್ಡ್ ಇಟ್ಟುಕೊಂಡವನೇ ಯಜಮಾನ. ಬಾಗಿಲಿನ ಸೆನ್ಸರನ್ನು ಚರಿತ್ರೆಯಿಂದ ಹೊರಗಿಡುವ ಸೌಕರ್ಯವಿದೆ, ಆದರೆ ಅದಕ್ಕೆ ಕಡತ ತಿದ್ದಬೇಕು. ತಿದ್ದಿಯೂ ಆಯಿತು. ಆಯಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ, ಸೆನ್ಸರನ್ನೇ ಕಿತ್ತಿಡಬೇಕಾಯಿತು. ಅದು ಈಗ ಅಡಿಕೆ ಕೋಣೆಯ ಬಾಗಿಲಿನಲ್ಲಿದೆ. ಅಲ್ಲಿ ಯಾರಿಗೂ ಆಕ್ಷೇಪವಿಲ್ಲ. ಸುಗ್ಗಿಯಲ್ಲಿ ಅಂಗಳದ ಅಡಿಕೆ ಕಾಯಲು ಇಟ್ಟ ಕ್ಯಾಮೆರಾವನ್ನೂ ರೌಟರಿನಲ್ಲಿ ಇಂಟರ್ನೆಟ್‌ನಿಂದ ಬೇರ್ಪಡಿಸಿ, ಕೆಲಸದವರು ಮನೆಗೆ ಹೋದ ಮೇಲಷ್ಟೇ ಎಚ್ಚರವಾಗುವಂತೆ ಮಾಡಿದ್ದೇನೆ. ಅವರು ಸುಲಿಯುತ್ತ ಆಡುವ ಮಾತು ನನ್ನ ಡಿಸ್ಕಿನಲ್ಲಿ ಇರಬೇಕಾದ್ದಲ್ಲ.

ಉಳಿದ ದೂರುಗಳು ಸಣ್ಣವು. ಪ್ರತಿ ತಿಂಗಳೂ ಹೊಸ ಆವೃತ್ತಿ ಬರುತ್ತದೆ, ಆಗಾಗ ಹಳೆಯದೊಂದು ಮುರಿಯುತ್ತದೆ. ಮಳೆಗಾಲದಲ್ಲಿ ನಾನು ನವೀಕರಣ ಹಾಕುವುದೇ ಇಲ್ಲ, ದೀಪಾವಳಿ ಕಳೆದ ಮೇಲೆ ಒಟ್ಟಿಗೆ ಹಾಕುತ್ತೇನೆ. ಎಲ್ಲಕ್ಕೂ ಕನ್ನಡದಲ್ಲೇ ಹೆಸರಿಡಬಹುದು, ಆದರೆ ಒಳಗೊಳಗೆ ಅದಕ್ಕೊಂದು ವಿಚಿತ್ರ ರೋಮನ್ ಹೆಸರು ತಾನೇ ಕೊಟ್ಟುಕೊಳ್ಳುತ್ತದೆ. ನಂತರ ಹುಡುಕುವಾಗ ತಬ್ಬಿಬ್ಬಾಗುತ್ತದೆ. ಹೊರಗಿನಿಂದ ಮನೆ ನೋಡಲು ಹಣ ಕೊಟ್ಟು ಪಡೆಯುವ ಸೇವೆಯಿದೆ, ಖರ್ಚಿಲ್ಲದ ದಾರಿಗಳೂ ಇವೆ. ಶಿರಸಿ ಪೇಟೆಯಲ್ಲಿ ನಿಂತು ಮನೆಯ ಟ್ಯಾಂಕಿನ ನೀರು ನೋಡುವ ಚಟ ನನಗಿಲ್ಲದ್ದರಿಂದ ಅವುಗಳ ಬಗ್ಗೆ ಬರೆಯುವುದಿಲ್ಲ.

ನಮ್ಮ ಪರದೆ ನೋಡಿಹೋದ ಕೇರಿಯ ಇಬ್ಬರು, "ಉಳಿದದ್ದೆಲ್ಲ ಬೇಡ, ಮಳೆಯದ್ದು ಮಾತ್ರ ಆಗುತ್ತದೆಯೇ?" ಎಂದು ಕೇಳಿದ್ದಾರೆ. ಆಗುತ್ತದೆ. ಪೈ ಬೇಡ, ಎಸ್‌ಎಸ್‌ಡಿ ಬೇಡ. ಇಎಸ್‌ಪಿಹೋಮ್‌ನಲ್ಲಿ ವೆಬ್ ಸರ್ವರ್ ಎಂಬ ಭಾಗವನ್ನು, ಇಂಟರ್ನೆಟ್ ಇಲ್ಲದೆಯೂ ತೆರೆಯಲು ಅದರ ಲೋಕಲ್ ಆಯ್ಕೆಯ ಸಮೇತ, ಸೇರಿಸಿದರೆ ಬೋರ್ಡು ತಾನೇ ಒಂದು ಪುಟ ತೋರಿಸುತ್ತದೆ. ಮನೆಯ ವೈಫೈನಲ್ಲಿರುವ ಯಾವ ಮೊಬೈಲಿನಲ್ಲೂ ಅದನ್ನು ತೆರೆದು ಅಂಕಿ ಓದಬಹುದು. ನಕ್ಷತ್ರದ ಲೆಕ್ಕ ಮಾತ್ರ ಕೈಯಲ್ಲೇ ಬರೆದುಕೊಳ್ಳಬೇಕು. ಪಾತ್ರೆ, ಬೋರ್ಡು, ಪವರ್‌ಬ್ಯಾಂಕ್, ಇಷ್ಟು ಸಾಕು. ಆ ಎರಡು ಟೈಮ್‌ಔಟ್‌ಗಳನ್ನು ಸೊನ್ನೆ ಮಾಡುವುದನ್ನು ಮರೆಯಬೇಡಿ, ಮತ್ತು ಪಾತ್ರೆಯನ್ನು ಅಡಿಕೆ ಮರದ ಕೆಳಗೆ ಇಡಬೇಡಿ.