ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ, ಜಿಟಿಟಿ: ಯಾವುದನ್ನು ಮಾಡಿಸಬೇಕು?

ಶುಗರ್ ಇದೆಯಾ ಅಂತ ಮೊದಲ ಸಲ ನೋಡಿಸುವವರಿಗೆ ಫಾಸ್ಟಿಂಗ್ ಸಾಕು ಅಂತ ಕೆಲವರು ಹೇಳುತ್ತಾರೆ. ಅಗ್ಗ, ಎಲ್ಲ ಲ್ಯಾಬಿನಲ್ಲೂ ಮಾಡುತ್ತಾರೆ. ಕನಿಷ್ಠ 8 ಗಂಟೆ ಏನೂ ತಿನ್ನದೆ ಹೋಗಬೇಕು, ನೀರು ಕುಡಿಯಬಹುದು, ಆದರೆ ಬೆಳಗಿನ ಅರ್ಧ ಲೋಟ ಕಾಫಿಯೂ ಬೇಡ. 100 ಎಂಜಿ/ಡಿಎಲ್ ಒಳಗಿದ್ದರೆ ಸರಿ, 126 ಅಥವಾ ಜಾಸ್ತಿ ಬಂದರೆ ಡಯಾಬಿಟಿಸ್, ನಡುವೆ ಇದ್ದರೆ ಗಡಿಯಲ್ಲಿದ್ದೀರಿ ಅಂತ.

ಎಚ್‌ಬಿಎ1ಸಿಗೆ ಉಪವಾಸ ಬೇಕಿಲ್ಲ. ಸುಮಾರು ಎರಡು ಮೂರು ತಿಂಗಳ ಶುಗರ್ ಸರಾಸರಿ ಸಿಗುತ್ತದೆ, ಹಾಗಾಗಿ ಹಿಂದಿನ ದಿನ ಮದುವೆ ಊಟ ಮಾಡಿದ್ದರೂ ಫಲಿತಾಂಶ ಕೆಡುವುದಿಲ್ಲ. ಶೇಕಡಾ 6.5 ಅಥವಾ ಮೇಲಾದರೆ ಡಯಾಬಿಟಿಸ್, 5.7ರಿಂದ 6.4 ಗಡಿ. ಆದರೆ ರಕ್ತಹೀನತೆ ಇರುವವರಿಗೆ ಇದೊಂದನ್ನೇ ನಂಬಬೇಡಿ. ಕಬ್ಬಿಣದ ಕೊರತೆಯಿಂದ ಅಂಕಿ ಸುಮ್ನೆ ಏರಬಹುದು, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ತಪ್ಪಾಗಬಹುದು. ನಮ್ಮಲ್ಲಿ ರಕ್ತಹೀನತೆ ಇರುವ ಹೆಂಗಸರು ಎಷ್ಟೊಂದು ಜನ ಅಲ್ವಾ? ಅವರು ಫಾಸ್ಟಿಂಗ್ ಜೊತೆಗೇ ಮಾಡಿಸಲಿ.

ಜಿಟಿಟಿ ಅಂದರೆ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಕಾಯುವುದು. ಬೇಸರದ ಕೆಲಸ, ಕೆಲವರಿಗೆ ಓಕರಿಕೆಯೂ ಬರುತ್ತದೆ. ಆದರೂ ಫಾಸ್ಟಿಂಗ್ ಸರಿಯಿದ್ದು ಊಟದ ನಂತರ ಏರುವವರನ್ನು ಇದು ಹಿಡಿಯುತ್ತದೆ. 200 ಅಥವಾ ಜಾಸ್ತಿ ಬಂದರೆ ಡಯಾಬಿಟಿಸ್. ಗರ್ಭಿಣಿಯರಿಗೆ ಲೆಕ್ಕವೇ ಬೇರೆ, ಅದನ್ನು ವೈದ್ಯರೇ ನೋಡಬೇಕು.

ಇವು ಮೂರೂ ಡಯಾಬಿಟಿಸ್ ಟೈಪ್ 1 ಅಥವಾ ಟೈಪ್ 2 ಅಂತ ಹೇಳುವುದಿಲ್ಲ. ಅದಕ್ಕೆ ಆ್ಯಂಟಿಬಾಡಿ, ಸಿ-ಪೆಪ್ಟೈಡ್ ಅನ್ನೋ ಬೇರೆ ರಕ್ತ ಪರೀಕ್ಷೆಗಳಿವೆ. ಸಣ್ಣ ಮಕ್ಕಳು ಪದೇಪದೇ ಮೂತ್ರಕ್ಕೆ ಹೋಗಿ, ತುಂಬಾ ನೀರು ಕುಡಿದು, ಸಣ್ಣಗಾಗುತ್ತಿದ್ದರೆ ಯಾವ ಪರೀಕ್ಷೆ ಅಂತ ಆರಿಸುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಲಕ್ಷಣಗಳಿಲ್ಲದೆ ಒಂದು ಸಲ ಜಾಸ್ತಿ ಬಂದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ.