ಎಂವಿಸಿ ಕಲಿಯಲು ರೂಬಿ ಆನ್ ರೈಲ್ಸ್ 8: ಹೊಸಬರ ದೃಷ್ಟಿಯಿಂದ ಒಂದು ವಿಮರ್ಶೆ

ಮಾಹಿತಿ ಮತ್ತು ನಿಯಮಗಳಿಗೆ ಮಾಡೆಲ್, ಪುಟ ತೋರಿಸಲು ವ್ಯೂ, ಇವೆರಡನ್ನೂ ಜೋಡಿಸಲು ಕಂಟ್ರೋಲರ್ ಎಂದು ಕೋಡ್ ಅನ್ನು ಬೇರ್ಪಡಿಸುವ ಎಂವಿಸಿ ವಿನ್ಯಾಸದಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವುದನ್ನು ಕಲಿಯಬೇಕೆಂದಿರುವವರ ಮುಂದೆ ಲಾರಾವೆಲ್, ಎಎಸ್‌ಪಿ ಡಾಟ್‌ನೆಟ್ ಕೋರ್ ಮೊದಲಾದ ಹಲವು ಫ್ರೇಮ್‌ವರ್ಕ್‌ಗಳಿವೆ (ಅಪ್ಲಿಕೇಶನ್ ಕಟ್ಟಲು ಬೇಕಾದ ಸಿದ್ಧ ಚೌಕಟ್ಟುಗಳು). ಮಾಡೆಲ್, ವ್ಯೂ, ಕಂಟ್ರೋಲರ್‌ಗಳ ನಡುವಿನ ಗೆರೆಯನ್ನು ಹೊಸಬರಿಗೆ ಅತ್ಯಂತ ಸ್ಪಷ್ಟವಾಗಿ ತೋರಿಸುವುದು ರೂಬಿ ಭಾಷೆಯ ಫ್ರೇಮ್‌ವರ್ಕ್ ಆದ ರೂಬಿ ಆನ್ ರೈಲ್ಸ್ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಆ ಗೆರೆಯನ್ನು ತೋರಿಸುತ್ತದೆಯೇ ಹೊರತು ಕಾಯುವುದಿಲ್ಲ. ಕಾಯುವ ಹೊಣೆ ಬರೆಯುವವರದೇ. 2024ರ ನವೆಂಬರ್‌ನಲ್ಲಿ ಬಂದ 8ನೇ ಆವೃತ್ತಿಗೂ ಈ ಮಾತು ಅನ್ವಯಿಸುತ್ತದೆ.

ಅನುಸ್ಥಾಪನೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಿಂಡೋಸ್ ಬಳಸುವವರು ಅಧಿಕೃತ ಮಾರ್ಗದರ್ಶಿಯ ಸಲಹೆಯಂತೆ ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಮೂಲಕ ಹೋಗುವುದು ಒಳ್ಳೆಯದು. ಆರಂಭದ ಡೇಟಾಬೇಸ್ ಒಂದು ಕಡತದಲ್ಲಿಯೇ ಇರುವ ಎಸ್‌ಕ್ಯೂಲೈಟ್ ಆಗಿರುವುದರಿಂದ ಬೇರೊಂದು ಡೇಟಾಬೇಸ್ ಸರ್ವರ್‌ನ ಅಗತ್ಯ ಬೀಳುವುದಿಲ್ಲ.

ರೈಲ್ಸ್‌ನ ನಿಜವಾದ ಬಲ ತಿಳಿಯುವುದು ಒಂದೇ ಒಂದು ವಿನಂತಿಯ ಜಾಡು ಹಿಡಿದು ಹೊರಟಾಗ. ಪುಸ್ತಕಗಳ ಪಟ್ಟಿ ತೋರಿಸುವ ಪುಟವೊಂದಿದೆ ಎನ್ನೋಣ. ಬ್ರೌಸರ್ ಕಳುಹಿಸಿದ ವಿನಂತಿಗೆ ಯಾವ ಕಂಟ್ರೋಲರ್‌ನ ಯಾವ ಆ್ಯಕ್ಷನ್ (ಕಂಟ್ರೋಲರ್‌ನೊಳಗಿನ ಮೆಥಡ್) ಉತ್ತರಿಸಬೇಕೆಂಬುದು ರೂಟ್‌ಗಳ ಕಡತದಲ್ಲಿ ತೀರ್ಮಾನವಾಗುತ್ತದೆ; ಆ ಆ್ಯಕ್ಷನ್ ಮಾಡೆಲ್‌ನಿಂದ ಪುಸ್ತಕಗಳನ್ನು ಕೇಳಿ ಪಡೆದು ಒಂದು ಇನ್‌ಸ್ಟೆನ್ಸ್ ವೇರಿಯಬಲ್‌ನಲ್ಲಿ ಇಡುತ್ತದೆ; ವ್ಯೂ ಅದನ್ನೇ ಓದಿ ಎಚ್‌ಟಿಎಂಎಲ್ ರೂಪಿಸುತ್ತದೆ. ಒಂದೊಂದು ಕೆಲಸಕ್ಕೂ ಬೇರೆ ಕಡತ, ನಿಗದಿಯಾದ ಜಾಗ. ಇದೆಲ್ಲ ಕ್ರಮವಾಗಿ ನಡೆಯಿತೇ ಎಂದು ಊಹಿಸಬೇಕಾಗಿಯೂ ಇಲ್ಲ, ಏಕೆಂದರೆ ಯಾವ ಆ್ಯಕ್ಷನ್ ಓಡಿತು, ಡೇಟಾಬೇಸ್‌ಗೆ ಯಾವ ಎಸ್‌ಕ್ಯೂಎಲ್ ಪ್ರಶ್ನೆ ಹೋಯಿತು, ಯಾವ ಟೆಂಪ್ಲೇಟ್ (ವ್ಯೂನ ಕಡತ) ಬಳಕೆಯಾಯಿತು ಎಂಬುದೆಲ್ಲವೂ ಸರ್ವರ್ ಬರೆದಿಡುವ ಲಾಗ್‌ನಲ್ಲಿ ಸಾಲುಸಾಲಾಗಿ ಕಾಣಿಸುತ್ತದೆ. ಹೊಸಬರು ಪಾಠಗಳಿಗಿಂತ ಹೆಚ್ಚಾಗಿ ಈ ಲಾಗ್ ಅನ್ನು ಓದಬೇಕೆಂದು ಒತ್ತಿ ಹೇಳಬಯಸುತ್ತೇನೆ. 1970ರ ದಶಕದ ಕೊನೆಯಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ನಾರ್ವೆಯ ಕಂಪ್ಯೂಟರ್ ವಿಜ್ಞಾನಿ ಟ್ರಿಗ್ವೆ ರೀನ್ಸ್‌ಕೌಗ್ ರೂಪಿಸಿದ ಎಂವಿಸಿ ತೆರೆಯ ಮೇಲೆ ಸದಾ ಜೀವಂತವಾಗಿರುವ ಕಾರ್ಯಕ್ರಮಗಳಿಗಾಗಿ ಹುಟ್ಟಿದ್ದು. ವೆಬ್‌ನಲ್ಲಾದರೋ ಪ್ರತಿ ವಿನಂತಿಗೂ ಹೊಸ ಕಂಟ್ರೋಲರ್ ಆಬ್ಜೆಕ್ಟ್ ಹುಟ್ಟಿ, ಉತ್ತರ ಕೊಟ್ಟು, ಮುಗಿದುಹೋಗುತ್ತದೆ. ಲಾಗ್ ಓದಿದವರಿಗೆ ಈ ವ್ಯತ್ಯಾಸ ತಾನಾಗಿಯೇ ಮನದಟ್ಟಾಗುತ್ತದೆ.

ಹೆಸರಿಡುವ ನಿಯಮಗಳು ಅನುಕೂಲವೂ ಹೌದು, ತೊಡಕೂ ಹೌದು. ಮಾಡೆಲ್‌ನ ಹೆಸರು ಏಕವಚನದಲ್ಲಿ, ಡೇಟಾಬೇಸ್ ಟೇಬಲ್‌ನ ಹೆಸರು ಬಹುವಚನದಲ್ಲಿ ಇದ್ದರೆ ಎರಡೂ ತಾವಾಗಿಯೇ ಹೊಂದಿಕೊಳ್ಳುತ್ತವೆ; ಇಂಡೆಕ್ಸ್ ಎಂಬ ಆ್ಯಕ್ಷನ್ ಅದೇ ಹೆಸರಿನ ಟೆಂಪ್ಲೇಟ್ ಅನ್ನು ಹೇಳದೆಯೇ ಹುಡುಕಿಕೊಳ್ಳುತ್ತದೆ. ಅನುಭವಿಗಳ ಸಮಯ ಇದರಿಂದ ಉಳಿಯುತ್ತದೆ, ಆದರೆ ಕೋಡ್‌ನಲ್ಲಿ ಎಲ್ಲಿಯೂ ಬರೆಯದ ಕೆಲಸ ಹೇಗೆ ನಡೆಯಿತೆಂಬುದು ಕಲಿಯುವವರಿಗೆ ಒಗಟಾಗಿಯೇ ಉಳಿಯುತ್ತದೆ. ಇದೇ ಕಾರಣಕ್ಕೆ, ಒಂದೇ ಆದೇಶಕ್ಕೆ ಮಾಡೆಲ್, ಏಳು ಆ್ಯಕ್ಷನ್‌ಗಳು ಮತ್ತು ವ್ಯೂಗಳನ್ನೆಲ್ಲ ಸಿದ್ಧಪಡಿಸಿಕೊಡುವ ಸ್ಕ್ಯಾಫೋಲ್ಡ್ ಅನ್ನು ಮೊದಲಿಗೇ ಬಳಸಬಾರದು. ಇಂಡೆಕ್ಸ್ (ಪಟ್ಟಿ), ಶೋ (ಒಂದರ ವಿವರ), ನ್ಯೂ (ಖಾಲಿ ಫಾರ್ಮ್), ಕ್ರಿಯೇಟ್ (ಉಳಿಸುವುದು) ಈ ನಾಲ್ಕನ್ನಾದರೂ ಕೈಯಾರೆ ಬರೆದು, ಬಳಿಕ ಸ್ಕ್ಯಾಫೋಲ್ಡ್ ಕೊಡುವ ಕೋಡ್‌ನೊಂದಿಗೆ ಹೋಲಿಸಿ ನೋಡುವುದು ಹೆಚ್ಚು ಫಲಕಾರಿ.

ಹಳೆಯ ಪಾಠಗಳ ವಿಷಯದಲ್ಲಿ ಎಚ್ಚರ ಅಗತ್ಯ. ಪುಟವನ್ನು ಪೂರ್ತಿ ಮರುಲೋಡ್ ಮಾಡದೆ ಬದಲಿಸುವ ಟರ್ಬೊ ಎಂಬ ಲೈಬ್ರರಿ 7ನೇ ಆವೃತ್ತಿಯಿಂದ ರೈಲ್ಸ್‌ನ ಜೊತೆಗೇ ಬರುತ್ತದೆ. ಟರ್ಬೊ ಇರುವಾಗ, ಫಾರ್ಮ್‌ನಲ್ಲಿ ದೋಷವಿದ್ದರೆ ಕಂಟ್ರೋಲರ್ 422 (ಕಳಿಸಿದ ಮಾಹಿತಿ ಸರಿಯಿಲ್ಲ) ಎಂಬ ಸ್ಥಿತಿಸಂಖ್ಯೆಯೊಡನೆ ಪುಟವನ್ನು ಮರಳಿಸದಿದ್ದರೆ, ದೋಷದ ಸಂದೇಶ ಬಳಕೆದಾರರಿಗೆ ಕಾಣಿಸುವುದೇ ಇಲ್ಲ. ಅದಕ್ಕೂ ಹಿಂದಿನ ಪಾಠಗಳಲ್ಲಿ ಈ ಸಂಖ್ಯೆಯ ಉಲ್ಲೇಖವಿರುವುದಿಲ್ಲ. ಅವುಗಳನ್ನು ಅಕ್ಷರಶಃ ಅನುಸರಿಸಿದವರು ತಪ್ಪು ಎಲ್ಲಿದೆಯೆಂದು ತಿಳಿಯದೆ ಬಳಲುತ್ತಾರೆ. 8ನೇ ಆವೃತ್ತಿಗೆ ತಕ್ಕಂತೆ ಹೊಸದಾಗಿ ಬರೆಯಲಾದ, ಆನ್‌ಲೈನ್ ಮಳಿಗೆಯೊಂದನ್ನು ಹಂತಹಂತವಾಗಿ ಕಟ್ಟಿಸುವ ಅಧಿಕೃತ ಆರಂಭಿಕ ಮಾರ್ಗದರ್ಶಿಯನ್ನೇ ಆಶ್ರಯಿಸುವುದು ಲೇಸು.

ಇನ್ನು ಗೆರೆ ಕಾಯುವ ಮಾತು. ಡೇಟಾಬೇಸ್ ನೋಡಿಕೊಳ್ಳುವ ರೈಲ್ಸ್‌ನ ಭಾಗವಾದ ಆ್ಯಕ್ಟಿವ್ ರೆಕಾರ್ಡ್‌ನಲ್ಲಿ ಮಾಡೆಲ್ ಮತ್ತು ಟೇಬಲ್ ಎಷ್ಟು ಬಿಗಿಯಾಗಿ ಬೆಸೆದುಕೊಂಡಿವೆಯೆಂದರೆ, ಮಾಡೆಲ್ ಎಂದರೆ ಟೇಬಲ್ ಎಂಬ ಭಾವನೆ ಸುಲಭವಾಗಿ ಬೇರೂರುತ್ತದೆ. ಹಾಗಾದಾಗ ನಿಯಮಗಳೂ ಲೆಕ್ಕಾಚಾರಗಳೂ ಕಂಟ್ರೋಲರ್‌ನಲ್ಲಿ ರಾಶಿ ಬೀಳುತ್ತವೆ. ಅದಕ್ಕಿಂತ ಸೂಕ್ಷ್ಮವಾದ ಸಮಸ್ಯೆ ವ್ಯೂನಲ್ಲಿದೆ. ಪಟ್ಟಿಯ ಪ್ರತಿ ಪುಸ್ತಕದ ಮುಂದೆ ಲೇಖಕರ ಹೆಸರನ್ನು ತೋರಿಸುವ ಪುಟ್ಟ ಸಾಲೊಂದು ಟೆಂಪ್ಲೇಟ್‌ನಲ್ಲಿದ್ದರೆ ಸಾಕು, 100 ಪುಸ್ತಕಗಳಿಗೆ 101 ಪ್ರಶ್ನೆಗಳು (ಪಟ್ಟಿಗೆ ಒಂದು, ಪ್ರತಿ ಪುಸ್ತಕದ ಲೇಖಕರಿಗೆ ಒಂದೊಂದು) ಡೇಟಾಬೇಸ್‌ಗೆ ಹೋಗಬಹುದು. ಇನ್‌ಕ್ಲೂಡ್ಸ್ ಎಂಬ ಮೆಥಡ್ ಬಳಸಿ ಲೇಖಕರನ್ನು ಕಂಟ್ರೋಲರ್‌ನಲ್ಲಿಯೇ ಮೊದಲೇ ತರಿಸಿಕೊಂಡರೆ ಎರಡೇ ಪ್ರಶ್ನೆಗಳು ಸಾಕಾಗುತ್ತವೆ, ಆದರೆ ಹಾಗೆ ಮಾಡೆಂದು ರೈಲ್ಸ್ ತಾನಾಗಿ ಒತ್ತಾಯಿಸುವುದಿಲ್ಲ. ಒತ್ತಾಯಿಸಬಲ್ಲ ಸ್ಟ್ರಿಕ್ಟ್ ಲೋಡಿಂಗ್ ಎಂಬ ಸೌಲಭ್ಯ 6.1ನೇ ಆವೃತ್ತಿಯಿಂದಲೂ ಇದೆ. ಹೊಸ ಅಪ್ಲಿಕೇಶನ್‌ನಲ್ಲಿ ಮಾತ್ರ ಅದು ಚಾಲನೆಯಲ್ಲಿರುವುದಿಲ್ಲ. ಕಲಿಕೆಗೆಂದು ಕಟ್ಟುವ ಅಪ್ಲಿಕೇಶನ್‌ನಲ್ಲಿ ಇದನ್ನು ಮೊದಲ ದಿನವೇ ಎಲ್ಲ ಮಾಡೆಲ್‌ಗಳಿಗೂ ಚಾಲೂ ಮಾಡಿಕೊಳ್ಳಬೇಕು. ಆಗ ಮೊದಲೇ ತರಿಸಿಕೊಳ್ಳದ ಮಾಹಿತಿಗೆ ವ್ಯೂ ಕೈಹಾಕಿದೊಡನೆ ದೋಷ ಕಾಣಿಸಿಕೊಳ್ಳುತ್ತದೆ, ಮತ್ತು ಗೆರೆ ದಾಟಿದ ಸಾಲು ಯಾವುದೆಂಬುದೂ ಆ ದೋಷಪುಟದಲ್ಲಿಯೇ ತಿಳಿಯುತ್ತದೆ.