‘ಮೂರು ತಿಂಗಳಲ್ಲಿ ಗುಣ’ ಅಂದವರಿಗೆ ದುಡ್ಡು ಕಟ್ಟಬೇಡಿ

ಮನೆಯಲ್ಲಿ ಯಾರಿಗಾದರೂ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂತ ಹೇಳಿದ್ದಾರಾ? ಬೆಂಗಳೂರಿನಲ್ಲಿ ಥೆರಪಿಗೆ ಅಲೆಯುತ್ತಿದ್ದೀರಾ? ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಕಟ್ಟಿ.

ನನ್ನ ತಂಗಿಗೆ ಈ ತೊಂದರೆ ಇದೆ. ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ‘ನೀನಿಲ್ಲದೆ ಆಗಲ್ಲ’, ಸಂಜೆ ‘ನಿನ್ನ ಮುಖ ನೋಡಲ್ಲ’. ಫೋನ್ ಎತ್ತುವುದು ಸ್ವಲ್ಪ ತಡವಾದರೂ ಬಿಟ್ಟೇ ಹೋದರು ಅನ್ನುವ ಭಯ. ಆ ಭಯದಲ್ಲಿ ತನಗೆ ತಾನೇ ನೋವು ಮಾಡಿಕೊಳ್ಳುತ್ತಾಳೆ. ನಾಟಕ ಅಲ್ಲ ಅದು. ಸೈಕಿಯಾಟ್ರಿಸ್ಟ್ ಮುಚ್ಚುಮರೆ ಮಾಡಲಿಲ್ಲ. ಇದಕ್ಕೇ ಅಂತ ಮಾತ್ರೆ ಇಲ್ಲ, ಜೊತೆಗಿರುವ ಡಿಪ್ರೆಷನ್‌ಗೆ ಕೊಡಬಹುದು, ಮುಖ್ಯವಾಗಿ ಬೇಕಾದ್ದು ಥೆರಪಿ, ಅದಕ್ಕೆ ಟೈಮ್ ಹಿಡಿಯುತ್ತದೆ ಅಂದಿದ್ದರು.

ವಿಚಾರಿಸಿದ ಕಡೆಯೆಲ್ಲ ವೇಟಿಂಗ್. ಆಗ ಸಿಕ್ಕಿದ್ದು ಒಂದು ಸೆಂಟರ್. ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಭಾವನೆಗಳನ್ನು ಹತೋಟಿಗೆ ತರುವುದನ್ನು ಕಲಿಸುವ ಮಾತಿನ ಚಿಕಿತ್ಸೆ), ಮೂರು ತಿಂಗಳ ಪ್ಯಾಕೇಜ್, 90,000 ರೂಪಾಯಿ. ಪೂರ್ತಿ ಮೊದಲೇ ಕಟ್ಟಬೇಕು. ಅಮ್ಮ ಬಳೆ ಅಡವಿಟ್ಟರು. ‘ಯಾವಾಗ ಬೇಕಾದ್ರೂ ಮೆಸೇಜ್ ಮಾಡು, ನಾನಿದ್ದೀನಿ’ ಅಂತ ಅಲ್ಲಿನ ಥೆರಪಿಸ್ಟ್ ನಮ್ಮೆಲ್ಲರ ಎದುರಿಗೇ ತಂಗಿಯ ಕೈ ಹಿಡಿದು ಹೇಳಿದರು. ಅವಳು ನಂಬಿದಳು. ನಾವೂ ನಂಬಿದೆವು.

ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಸೆಷನ್ ತಪ್ಪಿಸಿದಳು. ಒಂದು ರಾತ್ರಿ ಮೇಲಿಂದ ಮೇಲೆ ಮೆಸೇಜ್ ಹಾಕಿದಳು, ಉತ್ತರ ಬರಲಿಲ್ಲ ಅಂತ ಬೈದಳು ಕೂಡ. ಬೆಳಿಗ್ಗೆ ನೋಡಿದರೆ ಅವರ ಪ್ರೊಫೈಲ್ ಫೋಟೋ ಇಲ್ಲ. ಮೆಸೇಜ್‌ಗೆ ಒಂದೇ ಟಿಕ್. ಬ್ಲಾಕ್ ಮಾಡಿದ್ದರು.

ಬಿಟ್ಟು ಹೋಗುತ್ತಾರೆ ಅನ್ನುವ ಭಯವೇ ಅವಳ ಕಾಯಿಲೆ. ಆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ದುಡ್ಡು ತಗೊಂಡವರು ಬ್ಲಾಕ್ ಮಾಡಿದರು! ತಂಗಿ ಫೋನ್ ಹಿಡಿದು, ಆ ಒಂದು ಟಿಕ್ ನೋಡುತ್ತಾ ಅಡುಗೆಮನೆ ಬಾಗಿಲಲ್ಲೇ ಕೂತುಬಿಟ್ಟಳು. ಅದೇ ವಾರ ಎಮರ್ಜೆನ್ಸಿಗೆ ಓಡಬೇಕಾಯಿತು. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಸೆಂಟರ್‌ಗೆ ಫೋನ್ ಮಾಡಿದೆ. ‘ಕ್ಲೈಂಟ್ ಕೋಆಪರೇಟ್ ಮಾಡ್ತಿಲ್ಲ ಸರ್, ಕ್ಲೋಸ್ ಮಾಡಿದೀವಿ.’ ಉಳಿದ ದುಡ್ಡು? ‘ನಾನ್ ರೀಫಂಡಬಲ್ ಸರ್, ಫಾರ್ಮ್‌ನಲ್ಲೇ ಇದೆ.’ ಫೋನ್ ಥೆರಪಿಸ್ಟ್‌ಗೆ ಕೊಡಿ ಅಂದೆ. ಅವರು ಹೇಳಿದ್ದನ್ನು ಹಾಗೇ ಹಾಕುತ್ತಿದ್ದೇನೆ: ‘ನಿಮ್ಮ ತಂಗಿಗೆ ವಾಸಿ ಆಗೋ ಮನಸ್ಸೇ ಇಲ್ಲ. ಇಂಥವ್ರು ಬದಲಾಗಲ್ಲ. ಎಲ್ಲಾ ಅಟೆನ್ಷನ್‌ಗೋಸ್ಕರ.’ ಮೂರು ತಿಂಗಳಲ್ಲಿ ಗುಣ ಅಂದಿದ್ದು ಅದೇ ಬಾಯಿ! ರಿಜಿಸ್ಟ್ರೇಷನ್ ನಂಬರ್ ಕೇಳಿದೆ. ‘ನಮ್ದು ವೆಲ್‌ನೆಸ್ ಸೆಂಟರ್, ಅದೆಲ್ಲ ನಮಗೆ ಬರಲ್ಲ.’ ಫೋನ್ ಇಟ್ಟರು. 90,000 ತಗೊಳ್ಳುವಾಗ ಎಲ್ಲವೂ ಬರುತ್ತಿತ್ತು.

ಈಗ ನೋಡುತ್ತಿರುವ ಕ್ಲಿನಿಕಲ್ ಸೈಕಾಲಜಿಸ್ಟ್ ಡಿಬಿಟಿ ಅಂದರೆ ಏನು ಅಂತ ವಿವರಿಸಿದಾಗ ಹೊಟ್ಟೆ ಉರಿದುಹೋಯಿತು. ಅದನ್ನು ರೂಪಿಸಿದವರು ಅಮೆರಿಕದ ಮಾರ್ಷಾ ಲೈನಹನ್. ಪೂರ್ತಿ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ 1 ವರ್ಷ ಬೇಕು. ವಾರಕ್ಕೊಂದು ಸೆಷನ್, ಜೊತೆಗೆ ಗುಂಪಿನಲ್ಲಿ ಕಲಿಕೆ, ನಡುವೆ ಕಷ್ಟ ಬಂದರೆ ಫೋನ್‌ನಲ್ಲಿ ಸಹಾಯ. ಸತತ 4 ವಾರ ತಪ್ಪಿಸಿದರೆ ಹೊರಗೆ ಅನ್ನುವ ನಿಯಮ ಅದರಲ್ಲಿದೆ. ಒಂದು ಸೆಷನ್ ತಪ್ಪಿಸಿದ್ದಕ್ಕಲ್ಲ! ಸೆಷನ್ ತಪ್ಪಿಸುವುದು, ಥೆರಪಿಸ್ಟ್ ಮೇಲೇ ಸಿಟ್ಟಾಗುವುದು, ಇವನ್ನೆಲ್ಲ ಎದುರಿಗೆ ಕೂತು ಮಾತಾಡಿ ಬಿಡಿಸುವುದೇ ಅಲ್ಲಿನ ದೊಡ್ಡ ಕೆಲಸ. ಕಾಯಿಲೆಯ ಲಕ್ಷಣ ತೋರಿಸಿದಳು ಅಂತ ರೋಗಿಯನ್ನು ಆಚೆ ಹಾಕುತ್ತಾರಾ ಯಾರಾದರೂ? ‘ಬದಲಾಗಲ್ಲ’ ಅನ್ನುವುದೂ ಸುಳ್ಳು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ 1992ರಿಂದ ಇಂಥವರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಹತ್ತು ವರ್ಷದೊಳಗೆ ಹೆಚ್ಚಿನವರ ಲಕ್ಷಣಗಳು ಇಳಿದಿವೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನಂಬರ್ ಕೇಳಿ, ಅದರ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಗೋಡೆ ಮೇಲಿನ ಸರ್ಟಿಫಿಕೇಟ್ ನೋಡಿ ಸುಮ್ನಾಗಬೇಡಿ. ಪೂರ್ತಿ ದುಡ್ಡು ಮೊದಲೇ ಕೇಳಿದರೆ ಎದ್ದು ಬನ್ನಿ. ರಾತ್ರಿ ಫೋನ್ ಮಾಡಿದರೆ ಏನು ಮಾಡುತ್ತೀರಿ, ನಡುವೆ ನಿಲ್ಲಿಸಬೇಕಾಗಿ ಬಂದರೆ ಯಾರ ಹತ್ತಿರ ಕಳಿಸುತ್ತೀರಿ ಅಂತ ಮೊದಲೇ ಬರೆಸಿಕೊಳ್ಳಿ. ಕೈಮೀರುವಂಥ ರಾತ್ರಿ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗ್ರಾಹಕರ ಆಯೋಗಕ್ಕೆ ದೂರು ಸಿದ್ಧ ಮಾಡುತ್ತಿದ್ದೇವೆ, ಅದಕ್ಕೇ ಸೆಂಟರ್ ಹೆಸರು ಇಲ್ಲಿ ಹಾಕಿಲ್ಲ. ನೀವೂ ಇಂಥ ಪ್ಯಾಕೇಜ್‌ಗೆ ದುಡ್ಡು ಕಟ್ಟಿ ಕೂತಿದ್ದರೆ ರಸೀದಿ, ಚಾಟ್ ಯಾವುದನ್ನೂ ಡಿಲೀಟ್ ಮಾಡಬೇಡಿ, ನನಗೆ ಮೆಸೇಜ್ ಮಾಡಿ.